ನಡುಗುತ್ತಿರುವುದು ಕಾಲೋ ಕೈಯೋ

ನನ್ನ ಚಿಕ್ಕಪ್ಪ ಪೇಂಟರು. ಗೋಡೆಗೆ ಸುಣ್ಣ ಬಳಿಯುವವನೆಂದು ಯಾರಾದರೂ ತಿಳಿದರೆ ಅವನಿಗೆ ಮೂಗಿನ ತುದಿಯಲ್ಲೇ ಕೋಪ. ಅವನ ಕೆಲಸ ನಡುಸಮುದ್ರದಲ್ಲಿ, ನಾಲ್ಕು ಉಕ್ಕಿನ ಕಾಲುಗಳ ಮೇಲೆ ನಿಂತ, ಎಣ್ಣೆ ತೆಗೆಯುವ ಪ್ಲಾಟ್‌ಫಾರ್ಮಿನಲ್ಲಿ. ಅಲ್ಲಿನ ಹಳದಿ ಗೆರೆಗಳು, ‘ತಲೆ ಜೋಪಾನ’ ಎಂಬ ಬರಹಗಳು ಎಲ್ಲವೂ ಇಪ್ಪತ್ತೆರಡು ವರ್ಷದಿಂದ ಅವನ ಕೈಯವೇ. ಸ್ಕೇಲು ಹಿಡಿಯುವುದೆಂದರೆ ಅವನಿಗೆ ಅವಮಾನ.

ಅಂಥವನ ಗೆರೆ ಒಂದು ಬೆಳಿಗ್ಗೆ ಸೊಟ್ಟಗಾಯಿತು. ಅಳಿಸಿ ಎಳೆದ, ಮತ್ತೂ ಸೊಟ್ಟ. ಪ್ಲಾಟ್‌ಫಾರ್ಮು ನಡುಗುತ್ತಿದೆ ಎಂದು ಮ್ಯಾನೇಜರಿಗೆ ಹೇಳಿದ. ಮ್ಯಾನೇಜರು ಅವನನ್ನು ಕರೆದೊಯ್ದು ಕಂಪನ ಅಳೆಯುವ ಯಂತ್ರ ತೋರಿಸಿದ. ಮುಳ್ಳು ಸೊನ್ನೆಯ ಮೇಲೆ ಸುಖವಾಗಿ ಮಲಗಿತ್ತು. ಯಂತ್ರ ಸರಿಯೆಂದ ಮೇಲೆ ತಪ್ಪು ಕೈಯದೇ ತಾನೆ? ಹದಿನೈದು ದಿನದೊಳಗೆ ಗೆರೆ ನೆಟ್ಟಗಾಗದಿದ್ದರೆ ಕೆಲಸ ಬಿಟ್ಟು ಮನೆಗೆ ಹೋಗು ಎಂದ.

ಆಮೇಲೆ ಶುರುವಾಯಿತು ನೋಡಿ ಹುಚ್ಚಾಟ. ಅಲ್ಲಿದ್ದ ಎಂಬತ್ತು ಜನರೂ ಕಾಯಿಲೆ ಚಿಕ್ಕಪ್ಪನ ಕೈಗೇ ಇರಲಪ್ಪ ಎಂದು ಹಾರೈಸತೊಡಗಿದರು; ಇಲ್ಲವಾದರೆ ಮುಳುಗುವವರು ತಾವೇ. ಅಡುಗೆಯವನಂತೂ ದಿನಾ ಅವನ ಬೆರಳು ನೋಡಿ, ಇವತ್ತು ಚೆನ್ನಾಗಿ ನಡುಗುತ್ತಿದೆ ಎಂದು ಸಮಾಧಾನಪಡುತ್ತಿದ್ದ. ಇತ್ತ ಮನೆಯಲ್ಲಿ ಫೋನಿನಲ್ಲಿ ಸುದ್ದಿ ಕೇಳಿದ ಚಿಕ್ಕಮ್ಮ, ನಡುಗುತ್ತಿರುವುದು ಪ್ಲಾಟ್‌ಫಾರ್ಮೇ ಆಗಿರಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿದಳು. ಚಿಕ್ಕಪ್ಪ ಅದರ ಮೇಲೇ ನಿಂತಿದ್ದಾನಲ್ಲ ಎಂದು ನಾನು ನೆನಪಿಸಿದರೆ, “ಅವರಿಗೆ ಈಜು ಬರತ್ತೆ ಕಣೋ, ಬೇರೆ ಕೆಲಸ ಬರಲ್ಲ” ಎಂದಳು.

ಹನ್ನೆರಡನೆಯ ದಿನ ಚಿಕ್ಕಪ್ಪ ಆ ಯಂತ್ರದ ಪೆಟ್ಟಿಗೆಗೆ ಬಣ್ಣ ಬಳಿಯಲು ಹೋಗಿ ಅದನ್ನು ಎತ್ತಿದ. ಅಡಿಯಲ್ಲಿ ಎರಡು ದಪ್ಪ ದಿಂಬು. ದುಬಾರಿ ಯಂತ್ರ, ಅಲುಗಾಡಿ ಹಾಳಾಗದಿರಲಿ ಎಂದು ಮ್ಯಾನೇಜರೇ ಇಡಿಸಿದ್ದನಂತೆ. ಇವನ ಬುದ್ಧಿಗಿಷ್ಟು ಬೆಂಕಿ ಹಾಕ! ದಿಂಬು ತೆಗೆದು ನೆಲಕ್ಕಿಟ್ಟದ್ದೇ ತಡ, ಮುಳ್ಳು ಎದ್ದು ಕುಣಿಯಿತು.

ಮುಳುಗುಗಾರರು ಇಳಿದು ನೋಡಿ ಬಂದರು. ಸಮುದ್ರದ ಪ್ರವಾಹ ದುಂಡನೆಯ ಕಾಲನ್ನು ಬಳಸಿ ಹೋಗುವಾಗ ಅದರ ಹಿಂದೆ ಸುಳಿಗಳೇಳುತ್ತವೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಪ್ರತಿ ಸುಳಿಯೂ ಕಾಲನ್ನು ತನ್ನ ಕಡೆಗೆ ಎಳೆಯುತ್ತದೆ. ಆ ಎಳೆತ ಕಾಲಿನದೇ ತೂಗಾಟದ ತಾಳಕ್ಕೆ ಕೂಡಿಬಿಟ್ಟರೆ, ಉಯ್ಯಾಲೆಯನ್ನು ಸಮಯ ನೋಡಿ ತಳ್ಳಿದ ಹಾಗೆ, ನಡುಕ ಏರುತ್ತದೆ. ಸುಳಿಗಳನ್ನು ಚದುರಿಸಲೆಂದು ಕಾಲಿಗೆ ತಿರುಪಿನಂತೆ ಸುತ್ತಿದ್ದ ಉಕ್ಕಿನ ಪಟ್ಟಿ ಕಿತ್ತುಹೋಗಿತ್ತು. ಎಂಬತ್ತು ಜನರ ಮುಖವೂ ಬಿಳಿಚಿಕೊಂಡಿತು. ಚಿಕ್ಕಪ್ಪನೊಬ್ಬ ಮಾತ್ರ ಎಲ್ಲರಿಗೂ ಬಿಸ್ಕತ್ತು ಹಂಚಿದ.

ಹೊಸ ಪಟ್ಟಿ ಬಿಗಿದರು. ಮುಳ್ಳು ಸೊನ್ನೆಗೆ ಬಂತು, ಈ ಸಲ ದಿಂಬಿಲ್ಲದೆ. ಚಿಕ್ಕಪ್ಪ ಎದೆಯುಬ್ಬಿಸಿಕೊಂಡು ಎಲ್ಲರೆದುರು ಗೆರೆ ಎಳೆದ. ಸೊಟ್ಟ. ಮತ್ತೊಂದು ಎಳೆದ. ಅದೂ ಸೊಟ್ಟ.

ಕೆಲಸ ಹೋಯಿತು. ಮನೆಗೆ ಬಂದವನ ಕೈಗೆ ಚಿಕ್ಕಮ್ಮ ಟೀ ಕೊಟ್ಟಳು. ಸಾಸರಿನ ಮೇಲೆ ಕಪ್ ಕಟಕಟ ಎಂದಿತು. ಅವನು ತಲೆ ಎತ್ತಲಿಲ್ಲ. ಚಿಕ್ಕಮ್ಮ ತನ್ನ ಟೀಯನ್ನೂ ತಂದು ಪಕ್ಕದಲ್ಲಿ ಕುಳಿತು, ಅವನಿಗಿಂತ ಜೋರಾಗಿ ಕಪ್ ಅಲುಗಾಡಿಸುತ್ತಾ ಹೇಳಿದಳು:

“ಈ ಮನೆನೇ ನಡುಗ್ತಿದೆ ರೀ. ನಾಳೆ ಯಾರನ್ನಾದ್ರೂ ಕರೆಸಿ ತೋರಿಸೋಣ.”

ಟೀ ಅವಳ ಮಡಿಲ ತುಂಬ ಚೆಲ್ಲಿತ್ತು. ಅವಳು ನಿಲ್ಲಿಸಲಿಲ್ಲ.