ಕೆಂಪು ಗ್ರಹದ ಸಂತೆಗೆ ಬೋಣಿ

ಪಕ್ಕದ ಮನೆಯ ಅಕ್ಕ ಊರಾಚೆಯ ಹೊಸ ಬಂಗಲೆಗೆ ಹೋಗುವ ಮುನ್ನಾದಿನ ಹಳೇ ಟವೆಲಿನಲ್ಲಿ ಸುತ್ತಿದ ಎರಡು ಬೊಂಬೆಗಳನ್ನು ತಂದು ನನ್ನ ಡೈನಿಂಗ್ ಟೇಬಲ್ ಮೇಲೆ ಇಟ್ಟರು. ಕಿನ್ನಾಳದ ಮರದ ಬೊಂಬೆಗಳು. ಗುಂಡು ಹೊಟ್ಟೆಯ ಶೆಟ್ಟಿ, ಪಕ್ಕಕ್ಕೆ ಮೂಗುಬೊಟ್ಟಿನ ಶೆಟ್ಟಮ್ಮ. ತೋರುಬೆರಳಿನಷ್ಟೇ ಎತ್ತರ. ದಸರೆಯಲ್ಲಿ ಅವರ ಮನೆಯಲ್ಲಿ ಬೊಂಬೆ ಕೂಡಿಸುವಾಗ ಈ ಜೋಡಿಯ ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ ಇಟ್ಟು ಅಂಗಡಿ ಹೂಡುತ್ತಿದ್ದರು.

ನಮ್ಮದು ಕಂಪ್ಲಿಯ ರೈಸ್ ಮಿಲ್ ಮನೆತನ. ನಮ್ಮಲ್ಲಿ ಬೊಂಬೆಯ ಪದ್ಧತಿ ಇರಲಿಲ್ಲ. ಆದರೆ ನಾನು ಮದುವೆಯಾಗಿ ಹೊಸಪೇಟೆಗೆ ಬಂದ ಮೊದಲ ದಸರೆಯಿಂದಲೂ ಆ ಅಂಗಡಿಗೆ ಬೋಣಿ ಮಾಡುವವಳು ನಾನೇ. ಅವರ ಮನೆಯ ನೇಮ ಅದು. ಹೊರಗಿನ ಹೆಂಗಸೊಬ್ಬಳು ಬಂದು ಶೆಟ್ಟಿಯ ಮುಂದೆ ಒಂದು ನಾಣ್ಯ ಇಟ್ಟು, ಚಿಟಿಕೆ ಬೇಳೆ ಸೆರಗಿಗೆ ಕಟ್ಟಿಕೊಳ್ಳಬೇಕು. ಮನೆಯವರು ಮಾಡಿದರೆ ನಡೆಯದು. ಅದಕ್ಕೂ ಮುಂಚೆ ಚೌಕಾಸಿ ಆಗಲೇಬೇಕು. ಶೆಟ್ಟಿಯ ಪರವಾಗಿ ಅಕ್ಕ, ಗಿರಾಕಿಯಾಗಿ ನಾನು. "ಅಸಲಿಗೂ ಬರಂಗಿಲ್ರಿ ಅಮ್ಮಾ" ಎಂದು ಅವರು ಗಂಡು ದನಿ ತೆಗೆದರೆ ನಾನು ಸೆರಗು ಕೊಡವಿ ಎದ್ದು ಹೊರಡುತ್ತಿದ್ದೆ. ಅವರು ವಾಪಸ್ ಕರೆಯಬೇಕು. ವೆರಿ ಸಿಲ್ಲಿ, ಐ ನೋ. ಆದರೆ ವರ್ಷದಲ್ಲಿ ಅಷ್ಟು ನಗುತ್ತಿದ್ದುದು ಆವತ್ತೊಂದೇ ದಿನ.

"ಸೊಸಿ ಡೆಕೋರೇಶನ್‌ನೋರ್ನ ಕರಸ್ಯಾಳ, ಟೀಚರವ್ವಾ. ಇವ್ರು ಅಲ್ಲಿ ಮ್ಯಾಚ್ ಆಗಂಗಿಲ್ಲಂತ," ಎಂದರು ಅಕ್ಕ. "ನೀ ಇಟ್ಕೋ. ವರ್ಷಕ್ಕೊಮ್ಮೆ ಅಂಗಡಿ ತಗದ್ರ ಸಾಕು. ಮುಚ್ಚಬ್ಯಾಡ ಅಷ್ಟ."

"ಬೋಣಿ ಯಾರು ಮಾಡ್ತಾರಕ್ಕಾ?"

"ನಾ ಬರ್ತೀನಿ. ಇಷ್ಟು ವರ್ಷ ಚೌಕಾಸಿ ಮಾಡಿ ನಮ್ ಶೆಟ್ಟೀನ ದಿವಾಳಿ ಎಬ್ಬಿಸೀದಿ. ಇನ್ ಮುಂದ ನನ್ ಪಾಳಿ."

ಆಗ ಅದಿರಿನ ಕಾಲ. ಅಕ್ಕನ ಮಕ್ಕಳು ಕಿರಾಣಿ ಬಿಟ್ಟು ಲಾರಿ ಹಿಡಿದಿದ್ದರು. ಅವರ ಖಾಲಿ ಮನೆಗೆ ಟ್ರಾನ್ಸ್‌ಪೋರ್ಟ್ ಆಫೀಸು ಬಂತು, ಎದುರು ಮನೆ ಡ್ರೈವರುಗಳ ರೂಮಾಯಿತು. ವರ್ಷ ತುಂಬುವುದರೊಳಗೆ ನಮ್ಮ ಓಣಿಯಲ್ಲಿ ಹೆಂಗಸರ ದನಿಯೇ ಅಪರೂಪವಾಯಿತು. ಸಂಜೆ ರಂಗೋಲಿ ಡಬ್ಬಿ ಹಿಡಿದು ಹೊರಗೆ ನಿಂತರೆ ಮಾತಾಡಿಸಲು ಯಾರೂ ಇಲ್ಲ. ಲಾರಿಗಳ ಹಾರನ್ ಮಾತ್ರ.

ಶೆಟ್ಟಿ ದಂಪತಿಯನ್ನು ಷೋಕೇಸಿನಲ್ಲಿ ಕೂರಿಸಿದರೆ ಭಾಳ ಒಂಟಿಯಾಗಿ ಕಂಡರು. ಒಂದೇ ಅಂಗಡಿ ಇದ್ದರೆ ಅದು ಸಂತೆ ಹೇಗಾದೀತು? ಅಕ್ಕಪಕ್ಕಕ್ಕೆ ನಾಲ್ಕು ಜನ ಇರಲಿ ಎಂದು ನಾನೇ ಬೊಂಬೆ ಮಾಡಲು ಕೂತೆ. ಕಿನ್ನಾಳದವರ ಹಾಗೆ ಮರದ ಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿದೆ. ಮೊದಲು ಮಾಡಿದ್ದು ಕಾಯಿಪಲ್ಲೆ ಮಾರುವವಳನ್ನು. ಒಣಗಿದ ಮೇಲೆ ನೋಡುತ್ತೇನೆ, ಮುಖ ಒಂದು ಕಡೆ ಸೊಟ್ಟ, ಗಲ್ಲವೇ ಇಲ್ಲ, ಕಣ್ಣು ಕಿವಿಯ ಹತ್ತಿರ. ಎಷ್ಟು ತಿದ್ದಿದರೂ ಮನುಷ್ಯರ ಮುಖ ನನ್ನ ಕೈಗೆ ಬರಲಿಲ್ಲ. ಸಿಟ್ಟಿಗೆ ಅವಳ ಹಣೆಗೆ ಇನ್ನೊಂದು ಕಣ್ಣು ಒತ್ತಿ, ಮೈಗೆ ಹಸಿರು ಬಳಿದೆ. ಆಗ ಸರಿಹೋದಳು. ಬೇರೆ ಪ್ಲಾನೆಟ್ಟಿನವಳು, ಅಷ್ಟೇ.

ಅದಕ್ಕೆ ನನ್ನವರೂ ಕಾರಣ. ಸಂಡೂರಿನ ಗಣಿಯೊಂದರ ಲ್ಯಾಬ್‌ನಲ್ಲಿದ್ದ ಅವರಿಗೆ ಅಂತರಿಕ್ಷದ ಕತೆಗಳ ಪೇಪರ್‌ಬ್ಯಾಕ್ ಓದುವ ಹುಚ್ಚು. ಅವರು ತೀರಿಕೊಂಡ ಮೇಲೆ ಕಪಾಟಿನಲ್ಲಿ ಉಳಿದದ್ದು ಅವೇ. ನಾನು ಒಳಗಿನ ಕತೆ ಓದಿದವಳಲ್ಲ, ರಟ್ಟಿನ ಚಿತ್ರ ನೋಡಿದವಳು. ಎರಡು ಚಂದ್ರರ ಕೆಳಗೆ ಯಾವುದೋ ಊರಿನ ಬಜಾರು.

ಆಮೇಲೆ ಕೈ ನಿಲ್ಲಲಿಲ್ಲ. ಕಣ್ಣಿನ ಹನಿಯ ಬಾಟಲಿಗಳಲ್ಲಿ ಗಾಳಿ ಮಾರುವವನು ಬಂದ. ಮಿರ್ಚಿ ಕರಿಯುವವನಿಗೆ ನಾಲ್ಕು ಕೈ ಕೊಟ್ಟೆ. ಒಂದು ಜಾಲರಿಗೆ, ಒಂದು ಹಿಟ್ಟಿಗೆ, ಒಂದು ಚಿಲ್ಲರೆಗೆ, ಒಂದು ನಾಯಿ ಓಡಿಸಲಿಕ್ಕೆ. ಹೂ ಮಾರುವವಳ ಕೈಗೆ ಮೂರು ಕೀಲು. ಅವಳ ಒಂದು ಮೊಳ ನಮ್ಮ ಎರಡು ಮೊಳ. ಗುಳಿಗೆಯ ಬೆಳ್ಳಿ ಹಾಳೆ ತಗಡಿನ ಚಾವಣಿಯಾಯಿತು, ಪೆನ್ನಿನ ಕ್ಯಾಪುಗಳು ಹೊಗೆ ಕೊಳವೆಗಳಾದವು, ಕೆಟ್ಟ ಟೇಬಲ್ ಕ್ಲಾಕಿನ ಹಲ್ಲಿನ ಚಕ್ರಗಳು ರಿಪೇರಿ ಅಂಗಡಿಯ ಮುಂದೆ ರಾಶಿ ಬಿದ್ದವು.

ಸಂತೆಯ ಹಿಂದಿನ ಗುಡ್ಡಗಳಿಗೆ ನಾನು ಓದಿದ ಬಳ್ಳಾರಿಯ ಕಾನ್ವೆಂಟ್ ನೆನಪಾಯಿತು. ಕ್ರಿಸ್ಮಸ್ ಕ್ರಿಬ್‌ಗೆ, ಬಾಲಯೇಸುವಿನ ಗೋದಲಿಗೆ, ಸಿಸ್ಟರ್ ನಮ್ಮ ಕೈಲಿ ಬ್ರೌನ್ ಪೇಪರ್ ಮುದುಡಿಸಿ ಮೈದಾ ಅಂಟಿನಲ್ಲಿ ಅದ್ದಿಸುತ್ತಿದ್ದರು. ಒಣಗಿದರೆ ಬೆತ್ಲೆಹೆಮ್ ಬೆಟ್ಟ. ನಾನು ಅದನ್ನೇ ಉಂಡೆ ಮಾಡಿ ಒಂದರ ಮೇಲೊಂದು ಪೇರಿಸಿದೆ. ಹಂಪಿಯ ಬಂಡೆಗಳನ್ನು ಕಂಡವಳಿಗೆ ಬೇರೆ ಗ್ರಹ ಕಲ್ಪಿಸುವುದು ಕಷ್ಟವೇ?

ಬಣ್ಣದ ವಿಷಯಕ್ಕೆ ಊರೆಲ್ಲ ಬೈಯುತ್ತಿದ್ದ ಅದಿರು ಲಾರಿಗಳ ಕೆಂಪು ಧೂಳೇ ಒದಗಿತು. ಕಿಟಕಿಯ ಅಂಚಿನಿಂದ ಗುಡಿಸಿ ಹಾರ್ಲಿಕ್ಸ್ ಬಾಟಲಿಗೆ ತುಂಬಿ, ಗೋಂದಿನ ನೀರಲ್ಲಿ ಕಲಸುತ್ತಿದ್ದೆ. ಬ್ರಷ್ಷನ್ನು ಅದ್ದಿ, ಚಿಂದಿಗೆ ಮುಕ್ಕಾಲು ಒರೆಸಿ, ಉಳಿದ ಒಣ ಬಣ್ಣವನ್ನು ಉಬ್ಬಿದ ಏಣುಗಳ ಮೇಲೆ ಮಾತ್ರ ತೀಡಬೇಕು. ಆಗ ನೆರಿಗೆ, ಗೆಣ್ಣು, ತಗಡಿನ ಅಂಚು ಎದ್ದು ಕಾಣುತ್ತವೆ. ಹೊಸ ಚಾವಣಿ ಹತ್ತು ವರ್ಷ ಬಿಸಿಲುಂಡಂತೆ ಆಗುತ್ತದೆ. ಅಂಥ ಶೇಡ್ ಯಾವ ಪೇಂಟ್ ಅಂಗಡಿಯಲ್ಲೂ ಸಿಗುವುದಿಲ್ಲ.

ಸಂತೆಯಲ್ಲಿ ನಿಲ್ಲಿಸಬೇಕಿದ್ದ ಕಂಬಸಾಲಿನ ಅಳತೆಗೆ ಒಮ್ಮೆ ಬಸ್ಸಿನಲ್ಲಿ ಹಂಪಿಗೂ ಹೋದೆ. ಬಜಾರಿನ ಕಲ್ಲು ಮಂಟಪಗಳಲ್ಲಿ ಆಗ ಅಂಗಡಿ, ಮನೆ ಎಲ್ಲಾ ಇದ್ದವು. ಕಂಬದಿಂದ ಕಂಬಕ್ಕೆ ತಾಡಪಾಲು ಹೇಗೆ ಬಿಗಿದಿದ್ದಾರೆಂದು ನೋಡುತ್ತ ನಿಂತಿದ್ದೆ. ಚಹಾದವನು ಕೇಳಿದ, "ಏನ್ ಅಳೀತೀರಿ ಅಮ್ಮಾರ? ಸರ್ವೇದವ್ರೇನ್ರಿ?"

"ಇಲ್ಲಪ್ಪ. ಅಂಗಡಿ ಹಾಕ್ಬೇಕಾಗೇತಿ."

"ಎಲ್ಲಿ?"

"ಭಾಳ ದೂರ."

"ಹಂಗಾದ್ರ ಬಾಡಿಗಿ ಕಮ್ಮಿ ಇರ್ತೈತಿ ಬಿಡ್ರಿ," ಎಂದ.

ಆ ದಸರೆಗೆ ಅಕ್ಕ ಬಂದರು. ದೊಡ್ಡ ಕಾರು ಓಣಿಯ ಬಾಯಲ್ಲಿ ನಿಂತಿತ್ತು. ಒಳಗೆ ಕೂತ ಸೊಸೆ ಆಗಲೇ ಹಾರನ್ ಹೊಡೆಸುತ್ತಿದ್ದಳು. ಅಕ್ಕ ನೋಡಿದರು. ಹೂವಿನವಳ ಮೂರು ಕೀಲಿನ ಕೈಗೆ ನಕ್ಕರು. ನಾನು ಶೆಟ್ಟಿಯ ದನಿ ತೆಗೆದು ಒಂದು ರೇಟು ಹೇಳಿದೆ. ಅವರು ಅರ್ಧಕ್ಕೆ ಕೇಳಿದರು. ಅಷ್ಟರಲ್ಲಿ ಮತ್ತೆ ಹಾರನ್. ನಾಣ್ಯ ಇಟ್ಟು, ಬೇಳೆ ಕಟ್ಟಿಕೊಂಡು ಎದ್ದರು. ಎದ್ದವರು ಬಾಗಿಲಲ್ಲಿ ತಿರುಗಿ ನಿಂತರು.

"ಅಲ್ಲ ಟೀಚರವ್ವಾ, ಎಲ್ಲಾ ಮಾರೋರ ತುಂಬ್ಯಾರ. ಕೊಳ್ಳೋರೆಲ್ಲಿ?"

ಅಂಗಡಿ ಮನೆಯ ಹೆಂಗಸಿಗೆ ಮೊದಲು ಕಾಣುವುದು ಅದೇ. ನನಗೆ ಅಷ್ಟು ದಿನ ಕಂಡಿರಲಿಲ್ಲ. ಕಾರು ಹೋದ ಮೇಲೆ ಕುರ್ಚಿ ಎಳೆದುಕೊಂಡು ನೋಡಿದೆ. ನಾಲ್ಕು ಕೈಯವನು, ಗಾಳಿಯವನು, ಹಸಿರು ಮುಖದವಳು, ಎಲ್ಲರೂ ಸರಕು ಹರವಿಕೊಂಡು ಬೀದಿ ನೋಡುತ್ತಿದ್ದರು. ಬೀದಿ ಖಾಲಿ.

ಮರುವರ್ಷ ನವರಾತ್ರಿಯ ಮೊದಲ ದಿನವೇ ಅಂಗಡಿ ಹೂಡಿದೆ. ಅಕ್ಕ ಫೋನಿನಲ್ಲಿ "ನಾಳೆ ಬರ್ತೀನಿ" ಎಂದರು. ನಾಳೆ ಮೊಣಕಾಲು ನೋವು. ಅದರ ಮಾರನೆಯ ದಿನ ಡ್ರೈವರ್ ಇಲ್ಲ. ಆಯುಧಪೂಜೆಯಂದು ಅವರ ಲಾರಿಗಳಿಗೆಲ್ಲ ಪೂಜೆ. ಬರುವ ಮಾತೇ ಇಲ್ಲ. ಬೀದಿಯಲ್ಲಿ ಹೂ ಮಾರುವ ಹೆಂಗಸು ದಿನಾ ನನ್ನ ಬಾಗಿಲಿಗೆ ಬರುತ್ತಿದ್ದಳು. ಕರೆದಿದ್ದರೆ ಬೋಣಿ ಮಾಡಿಯೇ ಹೋಗುತ್ತಿದ್ದಳು. ನಾನು ಕರೆಯಲಿಲ್ಲ. ಬೇರೆಯವರ ಬೋಣಿ ಆಗಿಬಿಟ್ಟರೆ ಅಕ್ಕ ಬರುವುದಕ್ಕಿದ್ದ ಒಂದು ನೆವವೂ ಹೋದಂತೆ.

ಆಯುಧಪೂಜೆಯ ಮಧ್ಯಾಹ್ನ ಮರದ ಪುಡಿ ಕಲಸಿಕೊಂಡು ಕೂತೆ. ಗಿರಾಕಿಯೊಬ್ಬಳನ್ನು ಮಾಡಿದೆ. ಮುಖ ಈ ಸಲವೂ ಕೂಡಲಿಲ್ಲ. ಹಾಗಾಗಿ ಅವಳನ್ನು ಅಂಗಡಿಯತ್ತ ತಿರುಗಿಸಿ, ಬೆನ್ನು ಮಾತ್ರ ನಮಗೆ ಕಾಣುವಂತೆ ನಿಲ್ಲಿಸಿದೆ. ಬೆನ್ನು ನನಗೆ ಚೆನ್ನಾಗಿ ಗೊತ್ತಿತ್ತು. ಎಡಕ್ಕೆ ವಾಲಿದ ಸೊಂಟ, ಅದರ ಮೇಲೆ ಊರಿದ ಕೈ, ಕುತ್ತಿಗೆಗೆ ಇಳಿದ ಸಡಿಲ ತುರುಬು, ಇನ್ನೊಂದು ಕೈಯಲ್ಲಿ ವಯರ್ ಬುಟ್ಟಿ. ಬಿಸಿಲಲ್ಲಿ ಒಣಗಿಸಿ, ಮಾರನೆಯ ಬೆಳಿಗ್ಗೆ ಸೀರೆಗೆ ಇಟ್ಟಿಗೆ ಬಣ್ಣ ಹಾಕಿದೆ. ಅಂಚಿಗೆ ಧೂಳು ತೀಡಲು ಬ್ರಷ್ ಎತ್ತಿದವಳು ಸುಮ್ಮನೆ ಇಳಿಸಿದೆ. ಅವಳಿಗೆ ಬೇಡ ಅನ್ನಿಸಿತು.

ವಿಜಯದಶಮಿಯ ಸಂಜೆ ಬನ್ನಿ ಕೊಡಲು ಟ್ರಾನ್ಸ್‌ಪೋರ್ಟ್ ಆಫೀಸಿನ ಕ್ಲಾರ್ಕ್ ಒಬ್ಬ ಬಂದುಹೋದ. ಆಮೇಲೆ ಫೋನ್ ಬಂತು.

"ಟೀಚರವ್ವಾ, ಆಗ್ಲೇ ಇಲ್ಲ ನೋಡು ಬರಾಕ. ಮನಿ ತುಂಬ ಮಂದಿ." ಅಕ್ಕನ ಹಿಂದೆ ಯಾರೋ ಮಿಕ್ಸರ್ ಹಾಕಿದ್ದರು, ಟೀವಿ ಓಡುತ್ತಿತ್ತು. "ಬೋಣಿ ಆತಿಲ್ಲೋ?"

ನಾನು ಫೋನ್ ಹಿಡಿದೇ ಷೋಕೇಸಿನ ಕಡೆ ನೋಡಿದೆ.

"ಗಿರಾಕಿ ಬಂದಾರಕ್ಕಾ."

"ಯಾರಾ?"

"ನೀವ."

ಮಿಕ್ಸರ್ ನಿಂತಿತು. ಅಕ್ಕ ದನಿ ತಗ್ಗಿಸಿ ಕೇಳಿದರು, "ಏನ್ ಮಾಡಾಕತ್ತೀನಿ?"

"ಚೌಕಾಸಿ."

"ಎಷ್ಟಕ್ಕ ಕೇಳೀನಿ?"

"ಅರ್ಧಕ್ಕ. ಶೆಟ್ಟಿ ಒಪ್ಪವಲ್ಲ."

"ನಾನೂ ಬಿಡಂಗಿಲ್ಲ ಅಂತ ಹೇಳು," ಎಂದರು. ಯಾರೋ ಕರೆದರು, ಫೋನ್ ಇಟ್ಟರು.

ಹಬ್ಬ ಮುಗಿದ ಮೇಲೆ ಅಂಗಡಿ ಎತ್ತಿಡಬೇಕು. ಬೋಣಿ ಆಗದೆ ಎತ್ತುವಂತಿಲ್ಲ. ವ್ಯಾಪಾರ ಇನ್ನೂ ಕುದುರಿರಲಿಲ್ಲ. ಬಟ್ಟಲುಗಳಲ್ಲಿದ್ದ ಅಕ್ಕಿ ಬೇಳೆಗೆ ಹುಳ ಬೀಳದಂತೆ ಒಂದೊಂದು ಒಣ ಮೆಣಸಿನಕಾಯಿ ಚೂರು ಹಾಕಿ, ಅಂಗಡಿಯನ್ನು ಹೂಡಿದಂತೆಯೇ ಬಿಟ್ಟು ಷೋಕೇಸಿನ ಗಾಜು ಎಳೆದೆ.