ಒಳಕೋಣೆಗೆ ಸಾಗಿಸಿದ ಮೋಡೆಮ್

ನನ್ನ ತಂಗಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಮಾತೂ ಬಾರದು. ನಾವು ಮಾತಾಡುತ್ತಿದ್ದುದು ಕೈಯಲ್ಲಿ. ಆ ಕೈಮಾತು ಯಾವ ಶಾಲೆಯದೂ ಅಲ್ಲ, ಚಳ್ಳಕೆರೆಯ ನಮ್ಮ ಮನೆಯೊಳಗೇ ಹುಟ್ಟಿದ್ದು. ಮೂಗುತಿ ಮುಟ್ಟಿಕೊಂಡರೆ ಅವ್ವ. ಮೀಸೆ ತಿರುವಿದರೆ ಅಪ್ಪ. ಇಲ್ಲದ ಶೇಂಗಾಕಾಯಿಯನ್ನು ಒಡೆದು ಅಂಗೈ ಮೇಲಿನ ಸಿಪ್ಪೆ ಉಫ್ ಎಂದು ಊದಿದರೆ ನಮ್ಮ ಮನೆ. ಅಪ್ಪನದು ಶೇಂಗಾ ವ್ಯಾಪಾರ, ಮನೆ ತುಂಬ ಅದೇ ಸಿಪ್ಪೆ. ಬೆರಳೆತ್ತಿ ಗದರಿಸಿದರೆ ನಾನು. ನಾನು ಶಾಲೆ ಮೇಡಂ, ಸಾಲದ್ದಕ್ಕೆ ಮೂಗಿನ ತುದಿಯಲ್ಲೇ ಸಿಟ್ಟು.

ಅವಳನ್ನು ಮೊಳಕಾಲ್ಮೂರು ಕಡೆಯ ಹಳ್ಳಿಗೆ ಕೊಟ್ಟೆವು. ಫೋನ್ ಮಾಡಿದರೆ ಅವಳ ಅತ್ತೆ, "ನಿಮ್ಮ ಮಗಳು ಆರಾಮಾಗೈತ್ರಿ" ಎಂದು ಇಟ್ಟುಬಿಡುತ್ತಿದ್ದಳು. ನಾವೇ ಹೋದರೆ ಮನೆಮಂದಿಯೆಲ್ಲ ಸುತ್ತ ಕೂರುತ್ತಿದ್ದರು, ತಂಗಿ ಕೈಯನ್ನೇ ಎತ್ತುತ್ತಿರಲಿಲ್ಲ. ಕಾಗದ ಬರೆಯೋಣವೆಂದರೆ ಓದು ಬಾರದು. ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದ ನಾನು ಒಡಹುಟ್ಟಿದವಳನ್ನು ಕೂರಿಸಿಕೊಂಡು ಕಲಿಸಲಿಲ್ಲ. ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಯಾವ ನೆಪವೂ ಇಲ್ಲ.

ಆ ಹೊತ್ತಿನಲ್ಲೇ ನಮ್ಮೂರಿಗೆ ಬ್ರಾಡ್‌ಬ್ಯಾಂಡ್ ಬಂತು. ಕಂಪ್ಯೂಟರ್ ಕೊಂಡು ಕ್ಯಾಮೆರಾ ಸಿಕ್ಕಿಸಿದೆ. ತಂಗಿಯ ಪಕ್ಕದ ಮನೆಯ ಹೆಂಗಸೊಬ್ಬಳು ನಾನು ಕೇಳಿಕೊಂಡಂತೆ, ಭಾನುವಾರ ಮೊಳಕಾಲ್ಮೂರಿಗೆ ಬರುವಾಗ ಸಾಮಾನು ತರುವ ನೆಪದಲ್ಲಿ ಅವಳನ್ನೂ ಕರೆತಂದು, ಹನ್ನೊಂದರಿಂದ ಹನ್ನೊಂದೂವರೆಯವರೆಗೆ ಸೈಬರ್ ಸೆಂಟರಿನಲ್ಲಿ ಕೂರಿಸುತ್ತಿದ್ದಳು. ವಾರಕ್ಕೆ ಅರ್ಧ ಗಂಟೆ, ಅಷ್ಟೇ.

ತೊಡಕಿದ್ದದ್ದು ನಮ್ಮ ಪಡಸಾಲೆಯಲ್ಲಿ. ಟೆಲಿಫೋನ್ ತಂತಿ ಬರುತ್ತಿದ್ದುದು ಅಲ್ಲಿಗೆ, ಹಾಗಾಗಿ ಮೋಡೆಮ್ ಅಲ್ಲೇ, ಕಂಪ್ಯೂಟರ್ ಅಲ್ಲೇ, ಅಪ್ಪನ ಜಮಖಾನದ ಮೇಲೆ ದಿನವಿಡೀ ಕೂರುವ ವ್ಯಾಪಾರದ ಮಂದಿಯೂ ಅಲ್ಲೇ. ಒಂದು ಭಾನುವಾರ ತಂಗಿ ಹೊಟ್ಟೆಯ ಮೇಲೆ ಕೈಯಿಟ್ಟು, ಆ ಕೈಯನ್ನು ಖಾಲಿಯಾಗಿ ತಿರುವಿ ತೋರಿಸಿದಳು. ಊಟ ಇಲ್ಲ. ಇನ್ನೂ ಏನೋ ಹೇಳಹೊರಟಳು. ಅಷ್ಟರಲ್ಲಿ ನನ್ನ ಹಿಂದಿನಿಂದ ಒಬ್ಬ ಇಣುಕಿ, "ಏನಮ್ಮಾ, ಇದ್ರಾಗೆ ನಾಟಕ ಬರ್ತೈತಾ?" ಎಂದು ನಕ್ಕ. ಅವನು ನಕ್ಕದ್ದು ಅವಳಿಗೆ ಕಂಡಿತು. ಕೈಗಳನ್ನು ಮಡಿಲಿಗೆ ಹಾಕಿಕೊಂಡವಳು ಮತ್ತೆ ಎತ್ತಲಿಲ್ಲ.

"ಬೀಗರು ಅಂಥೋರಲ್ಲ, ನೀನೇ ಏನೋ ತಪ್ಪು ತಿಳ್ಕಂಡಿದ್ದೀಯ," ಎಂದ ಅಪ್ಪ. ಅರ್ಧ ಗಂಟೆ ಅವರನ್ನೆಲ್ಲ ಹೊರಗೆ ಕಳಿಸು ಎಂದೆ. "ಮನೆಗೆ ಬಂದೋರನ್ನ ಎಬ್ಬಿಸಾಕಾಯ್ತದಾ?" ಎಂದ.

ಮಂದಿ ಏಳದಿದ್ದರೆ ಮೋಡೆಮ್ಮೇ ಏಳಲಿ ಎಂದು ಹಟ ತೊಟ್ಟೆ. ಎಂಟನೇ ಕ್ಲಾಸಿಗೆ ವಿದ್ಯುತ್ತಿನ ಪಾಠ ಮಾಡುವವಳಿಗೆ ಒಂದು ತಂತಿ ಯಾವ ಲೆಕ್ಕ? ಮುಂದಿನ ಭಾನುವಾರ ಬೆಳಿಗ್ಗೆ ಕಂಪ್ಯೂಟರನ್ನು ಒಳಕೋಣೆಗೆ ಹೊತ್ತೆ. ಟೆಲಿಫೋನ್ ತಂತಿ ಸಾಲಲಿಲ್ಲ. ಕತ್ತರಿಸಿ, ಅಟ್ಟದಲ್ಲಿದ್ದ ಹಳೇ ತಂತಿಯನ್ನು ನಡುವೆ ಹೊಸೆದು ಟೇಪು ಸುತ್ತಿದೆ. ಮೋಡೆಮ್ಮಿನ ಮೊದಲ ದೀಪ ಹತ್ತಿತು. ಎರಡನೆಯದು ಮಿನುಗುತ್ತಲೇ ಇತ್ತು. ಅದು ಮಿನುಗು ನಿಲ್ಲಿಸಿ ಒಂದೇ ಸಮ ಉರಿಯದೆ ಇಂಟರ್ನೆಟ್ ಇಲ್ಲ. ಟೆಲಿಫೋನ್ ಎತ್ತಿದರೆ ಅದೂ ಸತ್ತಿತ್ತು.

ಬಿಚ್ಚಿದೆ, ಹೊಸೆದೆ, ಮತ್ತೆ ಬಿಚ್ಚಿದೆ. ಹತ್ತೂಮುಕ್ಕಾಲು. ಹನ್ನೊಂದು. ಹನ್ನೊಂದೂ ಹತ್ತು. ಬೆರಳ ತುದಿ ಕಿತ್ತು ರಕ್ತ ಬಂದಿತ್ತು. ಅವ್ವ ಬಾಗಿಲಲ್ಲಿ ನಿಂತು, "ಬಂತಾ? ಬಂತಾ?" ಎನ್ನುತ್ತಿದ್ದಳು. "ಸುಮ್ಕಿರವ್ವ!" ಎಂದು ಕಿರುಚಿದೆ. ತಂಗಿ ಅಲ್ಲಿ ಖಾಲಿ ಪರದೆ ನೋಡುತ್ತ ಕೂತಿರುತ್ತಾಳೆ. ಅಕ್ಕನಿಗೂ ನಾನು ಬೇಡವಾದೆ ಅಂದುಕೊಂಡು ಎದ್ದುಹೋದರೆ, ಬರುವ ವಾರ ಅವಳನ್ನು ಯಾರಾದರೂ ಕಳಿಸುತ್ತಾರೆಂಬ ನಂಬಿಕೆ ಏನು? ಮೋಡೆಮ್ ಹಿಡಿದುಕೊಂಡು ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಪಡಸಾಲೆಯ ಮಾತುಕತೆ ನಿಂತಿತು.

ಅಪ್ಪ ಒಳಗೆ ಬಂದ. ನನ್ನನ್ನು ನೋಡಿದ, ತುಂಡು ತಂತಿಗಳನ್ನು ನೋಡಿದ. ಹೊರಗೆ ಹೋಗಿ, "ಎದ್ದೇಳ್ರಿ ಎಲ್ಲಾರೂ. ಇವತ್ತು ವ್ಯಾಪಾರ ಇಲ್ಲ," ಎಂದ. ಹಗಲು ಹೊತ್ತು ಯಾವತ್ತೂ ಹಾಕದ ತಲೆಬಾಗಿಲು ಹಾಕಿ ಬಂದು, ಮಾನಿಟರನ್ನು ತಾನೇ ಎತ್ತಿ ಪಡಸಾಲೆಗೆ ಹೊತ್ತ.

ಗೋಡೆಯಲ್ಲಿ ಉಳಿದಿದ್ದ ಗೇಣುದ್ದ ತಂತಿಗೆ ಎಟುಕುವಂತೆ ಮೇಜು ತಳ್ಳಿ, ನಡುವಿನ ಹಳೇ ತಂತಿ ಬಿಟ್ಟು, ಪಿನ್ನಿದ್ದ ತುಂಡನ್ನೇ ಅದಕ್ಕೆ ಹೊಸೆದು ಮೋಡೆಮ್ಮಿಗೆ ಸಿಕ್ಕಿಸಿದೆ. ಎರಡನೇ ದೀಪ ಮಿನುಗಿ ಮಿನುಗಿ ನಿಂತಿತು. ಹನ್ನೊಂದೂ ಇಪ್ಪತ್ತಾರು.

ತಂಗಿ ಇನ್ನೂ ಕೂತಿದ್ದಳು. ಕೆನ್ನೆ ಒಳಗೆ ಹೋಗಿತ್ತು. ನನ್ನನ್ನು ಬಿಟ್ಟು ನನ್ನ ಹಿಂದೆ ಹುಡುಕಿದಳು. ಅಲ್ಲಿದ್ದದ್ದು ಅವ್ವ, ಅಪ್ಪ ಇಬ್ಬರೇ. ಆಗ ಅವಳ ಕೈಗಳು ಮೇಲೆ ಬಂದವು. ಕಾಯಿ ಒಡೆದಳು. ಅಂಗೈ ಊದಿದಳು. ತನ್ನ ಎದೆ ಮುಟ್ಟಿಕೊಂಡಳು. ಹುಬ್ಬೇರಿಸಿ ನಮ್ಮ ಮುಖ ನೋಡಿದಳು. ಮನೆಗೆ, ನಾನು, ಬರಲಾ?

ಅಪ್ಪನಿಗೆ ಅವಳ ಕೈಮಾತು ಅಷ್ಟಾಗಿ ಬರುತ್ತಿರಲಿಲ್ಲ, ಕಲಿಯುವ ಪುರುಸೊತ್ತು ಮಾಡಿಕೊಂಡವನೇ ಅಲ್ಲ. ಈ ಒಂದು ಗುರುತು ಗೊತ್ತಿತ್ತು. ಕ್ಯಾಮೆರಾದ ಮುಂದೆ ಬಗ್ಗಿ, ದಪ್ಪ ಬೆರಳುಗಳಲ್ಲಿ ಕಾಯಿ ಒಡೆದು ಉಫ್ ಎಂದು ಊದಿದ. ಅವಳು ನಂಬದೆ ಮತ್ತೆ ಕೇಳಿದಳು. ಅಪ್ಪ ಮತ್ತೆ ಊದಿದ. ಕಣ್ಣು ಒರೆಸಿಕೊಳ್ಳದೆಯೇ ನನ್ನ ಕಡೆ ತಿರುಗಿ, "ಮೊಳಕಾಲ್ಮೂರಿಗೆ ಬಸ್ಸು ಎಷ್ಟೊತ್ತಿಗೈತೆ?" ಎಂದ.