ಬಾಗಿಲ ಬಳಿಯ ಬೂಟು

ರಿಸೆಷನ್‌ನಲ್ಲಿ ಸೌತ್‌ಫೀಲ್ಡ್ ಊರಿನಲ್ಲಿದ್ದ ನನ್ನ ಕೆಲಸ ಹೋಯಿತು. ಮನೆಯಲ್ಲಿ ಮುಖ ಮುಖ ನೋಡಿಕೊಂಡು ಕೂರುವ ಬದಲು ನಾನೂ ನನ್ನ ಹೆಂಡತಿ ವಸುಧಾಳೂ ಒಂದು ಹಳೇ ಆರ್‌ವಿ, ಅಂದರೆ ಒಳಗೇ ಮಂಚ, ಬಾತ್‌ರೂಮು ಎಲ್ಲಾ ಇರುವ ಮನೆಗಾಡಿ, ತಗೊಂಡು ಮಿಷಿಗನ್ನಿನ ಉತ್ತರದ ಕಾಡಿಗೆ ಹೊರಟೆವು. ಅದನ್ನು ಮಾರಿದವನು, ಮನೆ ಬ್ಯಾಂಕಿನ ಪಾಲಾದ ಮೇಲೆ ಅದರಲ್ಲೇ ವಾಸವಾಗಿದ್ದನಂತೆ. ನೋಡಲು ಹೋದ ದಿನ ನಾವು ಅಭ್ಯಾಸಬಲದಿಂದ ಶೂ ಹೊರಗೆ ಬಿಟ್ಟು ಹತ್ತಿದ್ದನ್ನು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದ.

ಕಾಡಿನಲ್ಲಿ ಎರಡನೇ ಬೆಳಿಗ್ಗೆ ಬಾಗಿಲು ತೆಗೆದರೆ, ನಮ್ಮ ಶೂಗಳ ಪಕ್ಕದಲ್ಲಿ ಒಂದು ಜೊತೆ ದೊಡ್ಡ ಬೂಟು ಅಚ್ಚುಕಟ್ಟಾಗಿ ಬಿಟ್ಟಿತ್ತು. ಕ್ಯಾಂಪ್‌ಗ್ರೌಂಡಿನಲ್ಲಿ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಬೂಟಿನೊಳಗೆ ಕೈ ಹಾಕಿದೆ. ಬೆಚ್ಚಗಿತ್ತು. ಹೆಪ್ಪುಗಟ್ಟಿದ ಇಬ್ಬನಿಯ ಮೇಲೆ ಹೆಜ್ಜೆಗಳು ನಮ್ಮ ಬಾಗಿಲಿನ ತನಕ ಬಂದಿದ್ದವು, ವಾಪಸ್ ಹೋಗಿರಲಿಲ್ಲ.

"ರೀ, ಚಪ್ಪಲಿ ಹೊರಗಿದ್ರೆ ಮನುಷ್ಯ ಒಳಗಿದಾನೆ ಅಂತ ತಾನೇ?" ವಸುಧಾ ಪಿಸುಗುಟ್ಟಿದಳು.

ಬಾತ್‌ರೂಮು, ಬೀರು, ಮಂಚದ ಕೆಳಗೆ, ಎಲ್ಲಾ ಹುಡುಕಿದೆವು. ಯಾರೂ ಇಲ್ಲ. ಬೂಟನ್ನು ಅಲ್ಲೇ ಬಿಟ್ಟು, ಕಾಫಿಯನ್ನೂ ಕುಡಿಯದೆ ಹೊರಟೆವು.

ಎಷ್ಟೋ ಮೈಲಿ ಹೋದ ಮೇಲೆ ಅವಳು ಹಿಂದಕ್ಕೆ ತಿರುಗದೆ ಕೇಳಿದಳು, "ಬೂಟೇನೋ ಬಿಟ್ಟು ಬಂದ್ವಿ. ಬೂಟಿನವನನ್ನ?"

ಡ್ರೈವಿಂಗ್ ಟೆಸ್ಟಿನಲ್ಲಿ ಹಿಂಬದಿ ತೋರಿಸುವ ಕನ್ನಡಿ ನೋಡದಿದ್ದರೆ ಫೇಲ್ ಮಾಡುತ್ತಾರೆ. ಅವತ್ತು ಮನೆ ಮುಟ್ಟುವವರೆಗೂ ನಾನು ನೋಡಲಿಲ್ಲ.